ಶೇಕಡಾ ತೊಂಬತ್ನಾಲ್ಕು

ನಮ್ಮ ಸಂಖ್ಯಾಶಾಸ್ತ್ರದ ಸರ್ ತೀರಿಕೊಂಡು ಇಪ್ಪತ್ತು ದಿನವಾದ ಮೇಲೆ ನನಗೆ ಸುದ್ದಿ ಮುಟ್ಟಿತು. ಹೇಳಿದವಳು ಶಬಾನಾ. ಎಂ.ಎ. ಓದುವಾಗ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು, ಈಗ ವಿಜಯಪುರದಲ್ಲೇ ಒಂದು ಬ್ಯಾಂಕಿನಲ್ಲಿದ್ದಾಳೆ. ತಿಕೋಟಾದಿಂದ ಬಂದ ಯಾರೋ ಗಿರಾಕಿ ಮಾತಿನ ನಡುವೆ ಹೇಳಿದನಂತೆ.

"ಸರ್ ಹೋದ್ರಂತ ಬೇ. ಎದಿನೋವು ಅಂದ್ರಂತ. ದವಾಖಾನಿ ಮುಟ್ಟೂದರಾಗ ಎಲ್ಲಾ ಮುಗದಿತ್ತಂತ" ಎಂದಳು. ಆಮೇಲೆ, "ಅವರ ಮನಿಗೆ ಹೋಗಿ ಬರಬೇಕು. ನಾನೂ ಹೋಗತೇನಿ. ಆದ್ರ ಮೊದಲ ಹೋಗಬೇಕಾದಾಕಿ ನೀನು" ಎಂದಳು. ಶಬಾನಾ ಇರುವುದೇ ಹೀಗೆ. ಮುಖಕ್ಕೆ ಹೊಡೆದಂತೆ ಒಂದು ಮಾತು ಹೇಳಿ, ಅದೇ ಉಸಿರಿನಲ್ಲಿ ಊಟ ಆಯಿತೇನು ಎಂದು ಕೇಳುತ್ತಾಳೆ. ಆಯಿತು ಎಂದೆ. ಆಗಿರಲಿಲ್ಲ.

ಸರ್ ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಒಮ್ಮೆ ಅದನ್ನು ಒಂದು ಹಾಳೆಯ ಮೇಲೆ ಬರೆದಿದ್ದೆ, ಅದರಿಂದ ಆದದ್ದೇ ಸಾಕು.

ಅವರದು ಸಣಕಲು ಮೈ, ಉದ್ದನೆಯ ಕೈಗಳು. ತುಂಬುತೋಳಿನ ಅಂಗಿಯನ್ನು ಎಂಥ ಬೇಸಿಗೆಯಲ್ಲೂ ಮಡಚುತ್ತಿರಲಿಲ್ಲ. ಹೀಗಾಗಿ ಬಲಗೈ ತೋಳಿನ ತುದಿ ಯಾವಾಗಲೂ ಸೀಮೆಸುಣ್ಣ ಹತ್ತಿ ಬೆಳ್ಳಗಿರುತ್ತಿತ್ತು. ಬಾಯಿಲೆಕ್ಕ ಮಾಡುವಾಗ ತಲೆಯೆತ್ತಿ ಫ್ಯಾನು ನೋಡುತ್ತಿದ್ದರು. ಕರೆಂಟು ಹೋಗಿ ಫ್ಯಾನು ನಿಂತಿದ್ದರೂ ಅಲ್ಲಿಯೇ ನೋಡುತ್ತಿದ್ದರು. ದಿನಾ ಬಬಲೇಶ್ವರದಿಂದ ಬಸ್ಸಿಗೆ ಬರುತ್ತಿದ್ದರು. ಸೀಟು ಖಾಲಿಯಿದ್ದರೂ ಕೂರುವವರಲ್ಲ. "ಕುಂತ್ರ ನಿದ್ದಿ ಬರತೈತಿ. ನಿದ್ದಿ ಬಂದ್ರ ಇವತ್ತಿನ ಪಾಠ ಕೈಬಿಟ್ಟು ಹೋಗತೈತಿ" ಎನ್ನುತ್ತಿದ್ದರು. ಹೀಗೆ ನಿಂತುಕೊಂಡೇ ಬಂದು, ನಮ್ಮೆದುರೂ ಎರಡು ತಾಸು ನಿಂತು ಪಾಠ ಮಾಡಿ, ಮತ್ತೆ ನಿಂತುಕೊಂಡೇ ಊರಿಗೆ ಹೋಗುತ್ತಿದ್ದ ಮನುಷ್ಯ.

ಅವರಿಗೊಂದು ಚಟವಿತ್ತು. ಯಾರಾದರೂ "ಎಲ್ಲಾರೂ ಹಂಗ ಅದಾರ" ಎಂದರೆ ಸಾಕು, "ಎಷ್ಟ್ ಮಂದೀನ ಕೇಳಿದ್ರಿ?" ಎನ್ನುತ್ತಿದ್ದರು. ಕಾಲು ಕೆರೆದು ಜಗಳಕ್ಕೆ ಬರುವ ಸ್ವಭಾವವಲ್ಲ, ಉತ್ತರ ಬೇಕಾಗಿಯೇ ಕೇಳುತ್ತಿದ್ದರು. ಒಮ್ಮೆ ವಿಭಾಗದ ಹಿರಿಯ ಪ್ರಾಧ್ಯಾಪಕರೊಬ್ಬರು "ಈಗಿನ ಹುಡುಗೂರು ಒಬ್ಬರೂ ಪುಸ್ತಕ ಮುಟ್ಟೂದಿಲ್ಲ" ಎಂದದ್ದಕ್ಕೂ ಇದೇ ಪ್ರಶ್ನೆ ಹಾಕಿದ್ದರಿಂದ ಆ ಹಿರಿಯರು ವಾರಗಟ್ಟಲೆ ಇವರ ಜೊತೆ ಮಾತು ಬಿಟ್ಟಿದ್ದರು. ಗಾಂಧಿ ಚೌಕದಲ್ಲಿದ್ದ ನಮ್ಮ ಅಪ್ಪನ ಪಾತ್ರೆ ಅಂಗಡಿಗೂ ಒಂದು ಸಲ ಬಂದಿದ್ದರು, ಕುಕ್ಕರ್ ತೆಗೆದುಕೊಳ್ಳಲು. ನಾನು ಒಳಗೆ ಸ್ಟೀಲ್ ಡಬ್ಬಿಗಳ ಹಿಂದೆ ಅಡಗಿ ನಿಂತಿದ್ದೆ. "ಇದನ್ನ ಎಲ್ಲಾರೂ ಒಯ್ತಾರ್ರಿ ಸರ್. ಒಂದೂ ತಿರುಗಿ ಬಂದಿಲ್ಲ" ಎಂದರು ಅಪ್ಪ.

"ಈ ಕಂಪನೀದು ಎಷ್ಟ್ ಮಾರೀರಿ?"

ಅಪ್ಪ ಮೂವತ್ತು ವರ್ಷದ ವ್ಯಾಪಾರದಲ್ಲಿ ಇಂಥ ಪ್ರಶ್ನೆ ಕೇಳಿರಲಿಲ್ಲ. ತಲೆ ಕೆರೆದುಕೊಂಡು, "ನಾಕು" ಎಂದು ಒಪ್ಪಿಕೊಂಡರು.

"ನಾಕರಾಗ ನಾಕೂ ಚಲೋ ಅದಾವಂದ್ರ ಅದೇನ್ ಕಡಿಮಿ ಅಲ್ಲ. ಕಟ್ರಿ" ಎಂದು ಅದನ್ನೇ ಕೊಂಡುಹೋದರು. ಅಪ್ಪ ಆ ದಿನ ಮನೆಗೆ ಬಂದು, "ನಿಮ್ಮ ಮಾಸ್ತರು ಹುಚ್ಚರೇನ ಬೇ? ಆದ್ರ ಚಲೋ ಮನಷ್ಯಾ" ಎಂದರು. ನಮ್ಮ ಅಪ್ಪ ಗಿರಾಕಿಯನ್ನು ಹೊಗಳಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಅರ್ಥಶಾಸ್ತ್ರದ ಎಂ.ಎ.ಗೆ ಬಂದ ನಮ್ಮಲ್ಲಿ ಹೆಚ್ಚಿನವರು ಗಣಿತಕ್ಕೆ ಹೆದರಿ ಓಡಿ ಬಂದವರು. ಇಲ್ಲಿಗೆ ಬಂದ ಮೇಲೆ ಸಂಖ್ಯಾಶಾಸ್ತ್ರ ಎಂಬ ಪತ್ರಿಕೆ ಬಾಗಿಲಲ್ಲೇ ಕಾದು ನಿಂತಿತ್ತು. ಹಿರಿಯ ವಿದ್ಯಾರ್ಥಿಗಳು ಮೊದಲ ದಿನವೇ ನಮಗೆ ದಾರಿ ತೋರಿಸಿದ್ದರು. ತಿಳಿದುಕೊಳ್ಳುವ ಗೋಜಿಗೆ ಹೋಗಬೇಡಿ, ಹಿಂದಿನ ಮೇಷ್ಟರು ಹತ್ತು ಲೆಕ್ಕ ಗುರುತು ಹಾಕಿ ಕೊಡುತ್ತಿದ್ದರು, ಅದೇ ಹತ್ತರಲ್ಲಿ ಐದು ಬರುತ್ತವೆ, ಬಾಯಿಪಾಠ ಮಾಡಿ ಪಾರಾಗಿ ಎಂದು. ಸರ್ ಬಂದವರೇ ಆ ಹತ್ತು ಲೆಕ್ಕದ ಹಾಳೆಯನ್ನು ಓದಿ ನೋಡಿ, ಮಡಚಿ ನಮಗೇ ತಿರುಗಿ ಕೊಟ್ಟರು. "ಇದರಾಗಿನ ಅಂಕಿ ಯಾರವು? ಯಾವ ಊರಿನವು? ಯಾರಿಗೂ ಸಂಬಂಧ ಇಲ್ಲದ ಅಂಕೀನ ಕೂಡಿಸಿ ಕಳದು ಏನ್ ಮಾಡತೀರಿ?" ಎಂದರು. ಪಾಸಾಗುತ್ತೇವೆ ಎಂದು ಹಿಂದಿನ ಬೆಂಚಿನಿಂದ ಯಾರೋ ಅಂದರು. ಎಲ್ಲರೂ ನಕ್ಕೆವು. ಸರ್ ಕೂಡ ಸದ್ದಿಲ್ಲದೆ ನಕ್ಕರು.

ಮರುವಾರ ಒಂದು ರಟ್ಟಿನ ಪೆಟ್ಟಿಗೆ ಹೊತ್ತು ತಂದರು. ಅದರ ತುಂಬ ಒಣದ್ರಾಕ್ಷಿ. ತಿಕೋಟಾ ಕಡೆಯ ಯಾರೋ ಪರಿಚಯದವರ ಹತ್ತಿರ ಕೇಳಿ ತಂದದ್ದು. ಮೇಜಿನ ಮೇಲಿಟ್ಟು, ಒಬ್ಬೊಬ್ಬರಾಗಿ ಬಂದು ಮಾಲು ಹೇಗಿದೆ ಹೇಳಿ ಎಂದರು. ನಾವೆಲ್ಲ ಮೇಲಿನದನ್ನು ಒಂದೊಂದು ಹಿಡಿ ತೆಗೆದು ನೋಡಿ, ಹಸಿರು ಬಣ್ಣ ಚೆನ್ನಾಗಿದೆ, ದಪ್ಪ ಇದೆ ಎಂದೆವು. ಆಮೇಲೆ ಸರ್ ತೋಳನ್ನು ಮೊಣಕೈವರೆಗೂ ಪೆಟ್ಟಿಗೆಯೊಳಗೆ ಇಳಿಸಿ, ತಳದ ಮೂಲೆಯಿಂದ ಒಂದು ಹಿಡಿ, ನಡುವಿನಿಂದ ಒಂದು ಹಿಡಿ ತೆಗೆದು ಹಾಳೆಯ ಮೇಲೆ ಹರಡಿದರು. ಕಪ್ಪಾದ, ಮುದುಡಿದ, ಕಡ್ಡಿ ಸೇರಿದ ಮಾಲು. "ವ್ಯಾಪಾರಸ್ಥರು ಹಿಂಗ ಮಾಡತಾರ. ಮ್ಯಾಲ ಚಲೋದು ಹರವತಾರ. ಸ್ಯಾಂಪಲ್ ಅಂದ್ರ ನಿನ್ನ ಕೈಗೆ ಸಿಕ್ಕದ್ದಲ್ಲ ತಂಗಿ, ನಿನ್ನ ಕೈಗೆ ಸಿಗದಂಗ ಇಟ್ಟದ್ದೂ ಅದರಾಗ ಬರಬೇಕು" ಎಂದರು. ಆ ತಾಸು ಮುಗಿಯುವ ಹೊತ್ತಿಗೆ ಇಡೀ ಕ್ಲಾಸು ದ್ರಾಕ್ಷಿ ತಿಂದು ಮುಗಿಸಿತ್ತು. ಪುಸ್ತಕದಲ್ಲಿ ಎರಡು ಪುಟವಿದ್ದ ಆ ಪಾಠವನ್ನು ನಾನು ಆಮೇಲೆ ಓದಲೇ ಇಲ್ಲ. ಓದದೆಯೂ ಪರೀಕ್ಷೆಯಲ್ಲಿ ಬರೆದೆ.

ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಮುಂದಿನದು ಓದುವಾಗ ಇದು ನೆನಪಿರಬೇಕು. ನನಗೆ ತಿಳಿಯುತ್ತಿತ್ತು.

ಎರಡನೆಯ ಸೆಮಿಸ್ಟರಿನಲ್ಲಿ ಅವರು ಒಬ್ಬೊಬ್ಬರಿಗೂ ಒಂದೊಂದು ಊರು ಹಂಚಿದರು. ಮೂವತ್ತು ಮನೆಗೆ ಹೋಗಿ, ಮನೆಯಲ್ಲಿ ಎಷ್ಟು ಮಂದಿ, ಯಾರ್‍ಯಾರ ವಯಸ್ಸು ಎಷ್ಟು, ಏನು ಕೆಲಸ, ಏನು ಓದು ಎಂದು ಕೇಳಿ ಬರೆದು ತರಬೇಕು. ಅದರ ಮೇಲೆ ಇಪ್ಪತ್ತು ಅಂಕ. ನನಗೆ ಬಂದದ್ದು ಊರ ಹೊರಗಿನ ಇಟ್ಟಂಗಿಹಾಳ. ಆಟೋದಲ್ಲಿ ಹೋದರೆ ಎಷ್ಟು ಹೊತ್ತಿನ ದಾರಿ? ಆದರೆ ಬಿಸಿಲು, ಮಂದಿಯ ಮನೆಬಾಗಿಲಿಗೆ ಹೋಗಿ ನಿಲ್ಲುವ ನಾಚಿಕೆ, ಎಲ್ಲಕ್ಕಿಂತ ಮೈಗಳ್ಳತನ. ಅಪ್ಪನ ಅಂಗಡಿಯ ಅಟ್ಟದ ಮೇಲೆ ಕೂತು, ಒಂದೇ ಮಧ್ಯಾಹ್ನದಲ್ಲಿ ಮೂವತ್ತು ಮನೆಗಳನ್ನು ನಾನೇ ಹುಟ್ಟಿಸಿದೆ. ಗಂಡ, ಹೆಂಡತಿ, ಮಕ್ಕಳು, ಮುದುಕರು. ಅನುಮಾನ ಬರಬಾರದೆಂದು ಒಬ್ಬರಿಗೂ ದುಂಡು ವಯಸ್ಸು ಬರದಂತೆ ಜೋಪಾನ ಮಾಡಿದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಎಲ್ಲರೂ ಹೇಳುತ್ತಾರೆ. ಹಾಳೆಗಳು ನೋಡಲು ಅಚ್ಚು ಹಾಕಿದಂತಿದ್ದವು.

ಸರ್ ಅದನ್ನು ಎರಡು ಪುಟ ಓದಿದರು. "ಇಟ್ಟಂಗಿಹಾಳಕ್ಕ ಹೋಗಿಲ್ಲ ನೀನು" ಎಂದರು.

"ಹೋಗೇನ್ರಿ ಸರ್."

"ಈ ಮೂವತ್ತು ಮನ್ಯಾಗ ಒಬ್ಬ ಮುದುಕನೂ ಅರವತ್ತು ಅಂದಿಲ್ಲ. ಎಪ್ಪತ್ತು ಅಂದಿಲ್ಲ. ಎಲ್ಲಾರೂ ಅರವತ್ಮೂರು, ಎಪ್ಪತ್ತೊಂದು, ಅರವತ್ತೆಂಟು. ನಮ್ಮ ಕಡೆ ಮಂದಿ ವಯಸ್ಸು ಹಿಂಗ ಹೇಳೂದಿಲ್ಲ ತಂಗಿ. ನಮ್ಮವ್ವ ಹತ್ತು ವರ್ಷ ಅರವತ್ತ ಇದ್ಲು."

ಇಡೀ ಕ್ಲಾಸಿನೆದುರು ಹೇಳಲಿಲ್ಲ, ನನ್ನೊಬ್ಬಳನ್ನೇ ಕರೆದು ಹೇಳಿದರು. ನೆಲ ಬಾಯಿಬಿಟ್ಟರೆ ಸಾಕು ಎನಿಸಿತು. ನನ್ನಂತೆಯೇ ಅಟ್ಟದ ಮೇಲೆ ಕೂತು ಬರೆದವರು ಇನ್ನೂ ಹದಿನೈದು ಮಂದಿಯಾದರೂ ಇದ್ದರು. ಅವರೆಲ್ಲರ ಹಾಳೆಗೂ ಸರ್ ಸೊನ್ನೆ ಹಾಕಿ, ಬೇಕಾದವರು ಮತ್ತೊಮ್ಮೆ ಮಾಡಿ ತರಬಹುದು ಎಂದರು. ತಂದವಳು ನಾನೊಬ್ಬಳೇ. ಅದೂ ಒಳ್ಳೆಯತನದಿಂದಲ್ಲ, ಸಿಕ್ಕಿಬಿದ್ದ ಅವಮಾನಕ್ಕೆ.

ಮುಂದಿನ ಭಾನುವಾರ ಹೋಗುತ್ತೇನೆಂದು ಸರ್ ಅವರಿಗೆ ಹೇಳಿದ್ದೆ, ಇಟ್ಟಂಗಿಹಾಳದ ಬಸ್ ನಿಲ್ದಾಣದಲ್ಲಿ ಇಳಿದರೆ ಅವರೇ ಅಲ್ಲಿ ನಿಂತಿದ್ದರು. ಮೊದಲ ನಾಲ್ಕು ಮನೆಗೆ ಜೊತೆಗೆ ಬಂದರು. ಒಬ್ಬಾಕೆ ಅಜ್ಜಿ ಕಟ್ಟೆಯ ಮೇಲೆ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದಳು. ವಯಸ್ಸೆಷ್ಟು ಎಂದು ಕೇಳಿದೆ. "ಬರಕೊ ಯವ್ವಾ, ಎಪ್ಪತ್ತು. ಇಲ್ಲಂದ್ರ ಎಂಬತ್ತು ಬರಕೊ, ನಿನಗ್ಯಾವುದು ಬೇಕೋ ಅದನ್ನ ಬರಕೊ" ಎಂದಳು. ಸರ್ ನನ್ನ ಕಡೆ ತಿರುಗಿ ಸದ್ದಿಲ್ಲದೆ ನಕ್ಕರು. ಮೂರನೆಯ ಮನೆಯಲ್ಲಿ ನನ್ನ ಓರಗೆಯ ಹೆಂಗಸು ಬಾಗಿಲಿಗೆ ಬಂದಳು. ಮಕ್ಕಳೆಷ್ಟು ಎಂದು ಕೇಳಿದೆ. ಮೂರು ಎಂದಳು. ಹೆಸರು, ವಯಸ್ಸು ಕೇಳಿದರೆ ಇಬ್ಬರದೇ ಹೇಳಿದಳು. ಮೂರನೆಯದು ಎಂದು ನಾನು ಪೆನ್ನು ಹಿಡಿದು ಕಾದೆ. ಅವಳು ಸೆರಗು ಸರಿ ಮಾಡಿಕೊಳ್ಳುತ್ತ, "ಇರಾವು ಎರಡರೀ" ಎಂದಳು.

ನನಗೆ ಏನು ಬರೆಯಬೇಕೋ ತಿಳಿಯಲಿಲ್ಲ. ಸರ್ ಮುಖ ನೋಡಿದೆ. ಅವರು ಮೆಲ್ಲಗೆ, "ಎರಡು ಅಂತ ಬರಿ. ಬಾಜೂಕ ಷರಾದಾಗ, ತಾಯಿ ಮೂರು ಅಂತ ಹೇಳತಾಳ ಅಂತಾನೂ ಬರಿ" ಎಂದರು. ರಸ್ತೆಗೆ ಬಂದ ಮೇಲೆ, "ಕೂಡಿಸೂ ಮುಂದ ಷರಾ ಲೆಕ್ಕಕ್ಕ ಬರೂದಿಲ್ಲ. ಆದ್ರೂ ಬರೀಬೇಕು" ಎಂದರು. ಬಿಸಿಲಲ್ಲಿ ಕಣ್ಣು ಕಿರಿದು ಮಾಡಿಕೊಂಡಿದ್ದರು, ಅಳುವಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಉಳಿದ ಇಪ್ಪತ್ತಾರು ಮನೆಗೆ ಆ ದಿನ ಮತ್ತು ಅದರ ಮರುವಾರ ನಾನೊಬ್ಬಳೇ ಹೋದೆ. ಆ ಎರಡು ಭಾನುವಾರ ನನ್ನ ಓದಿನ ಬದುಕಿನಲ್ಲಿ ನಾನು ಮಾಡಿದ ಒಂದೇ ಸಾಚಾ ಕೆಲಸ ಎಂದು ಈಗಲೂ ಅನಿಸುತ್ತದೆ.

ಸರ್ ಅದಕ್ಕೆ ಇಪ್ಪತ್ತಕ್ಕೆ ಹನ್ನೊಂದು ಕೊಟ್ಟರು.

"ಕೆಲಸ ಹದಿನೆಂಟರದ್ದು ಐತಿ. ಮೊದಲ ಸುಳ್ಳು ಬರದಿದ್ದಕ್ಕ ಏಳು ಕಳದೇನಿ" ಎಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ಅಂಕಕ್ಕೂ ಫಸ್ಟ್ ಕ್ಲಾಸ್ ತಪ್ಪುವ ಭಯವಿದ್ದ ಕಾಲ ಅದು. ಫಸ್ಟ್ ಕ್ಲಾಸ್ ತಪ್ಪಿದರೆ ಓದು ಸಾಕು ಎಂದು ಮನೆಯಲ್ಲಿ ಹೇಳಿಯಾಗಿತ್ತು. ಸುಳ್ಳು ಬರೆದು ಸೊನ್ನೆ ತೆಗೆದುಕೊಂಡವರ ಸಿಟ್ಟಿಗಿಂತ, ನಿಜ ಬರೆದು ಹನ್ನೊಂದು ತೆಗೆದುಕೊಂಡ ನನ್ನ ಸಿಟ್ಟೇ ದೊಡ್ಡದಾಗಿತ್ತು.

ಸರ್ ಕಾಯಂ ನೌಕರರಲ್ಲ, ಅತಿಥಿ ಉಪನ್ಯಾಸಕರು. ಪ್ರತಿ ವರ್ಷ ಹೊಸ ಪಟ್ಟಿಯಾಗುತ್ತಿತ್ತು, ಅದರಲ್ಲಿ ಹೆಸರಿದ್ದರೆ ಮತ್ತೊಂದು ವರ್ಷ. ಇದು ನಮಗೆಲ್ಲ ಗೊತ್ತಿತ್ತು. ಯಾವುದೋ ಪಾಠದಲ್ಲಿ ಒಂದು ಇನ್ನೊಂದರ ಮೇಲೆ ನಿಂತಿರುತ್ತದೆ ಎಂಬುದಕ್ಕೆ ಉದಾಹರಣೆಯಾಗಿ ಅವರೇ ಹೇಳಿದ್ದರು: "ನನ್ನ ನೌಕರಿ ನಿಮ್ಮ ಮ್ಯಾಲ ನಿಂತೈತಿ. ನಿಮ್ಮ ಪಾಸು ನನ್ನ ಮ್ಯಾಲ ನಿಂತಿಲ್ಲ. ಅದು ನಿಮ್ಮ ಮ್ಯಾಲ." ಆಗಲೂ ನಕ್ಕಿದ್ದೆವು. ಅವರಿಗೆ ಆ ಕ್ಲಾಸ್‌ರೂಮು ಬಿಟ್ಟು ಬೇರೆ ಏನೂ ಬೇಕಿರಲಿಲ್ಲ. ಪಾಠ ಮಾಡುವಾಗ ಅವರ ಮುಖ ನೋಡಿದ ಯಾರಿಗಾದರೂ ಅದು ಗೊತ್ತಾಗುತ್ತಿತ್ತು.

ಸ್ಟೇಷನ್ ರಸ್ತೆಯ ಒಂದು ಚಹಾದಂಗಡಿಯಲ್ಲಿ ನಮ್ಮ ಸಭೆ ಸೇರಿತು. ಪ್ರಕಾಶ ಎಂಬ ಹುಡುಗ ಕ್ಲಾಸಿನ ಮುಂದಾಳು, ಸೊನ್ನೆ ತೆಗೆದುಕೊಂಡವರಲ್ಲಿ ಒಬ್ಬ. ವಿಭಾಗದ ಮುಖ್ಯಸ್ಥರಿಗೆ ಒಂದು ಅರ್ಜಿ ಕೊಡೋಣ, ಪಾಠ ತಿಳಿಯುವುದಿಲ್ಲ, ಬೇರೆಯವರನ್ನು ಹಾಕಿ ಎಂದು ಬರೆಯೋಣ ಎಂದ. ಬರೆಯುವವರು ಯಾರು? ಎಲ್ಲರೂ ನನ್ನ ಕಡೆ ನೋಡಿದರು. ಅಕ್ಷರ ಚೆನ್ನಾಗಿರುವ ಶಿಕ್ಷೆ ಎಂದು ಆಮೇಲೆ ಬಹಳ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಸುಳ್ಳು. ಬೇಡ ಎನ್ನಬಹುದಿತ್ತು. ನನ್ನ ಕೈ ತುರಿಸುತ್ತಿತ್ತು.

"ಕ್ಲಾಸಿನ ಎಲ್ಲಾರಿಗೂ ತಿಳಿಯೂದಿಲ್ಲ ಅಂತ ಬರಿ" ಎಂದ ಪ್ರಕಾಶ.

"ಎಲ್ಲಾರೂ ಅಂತ ಬರದ್ರ ಯಾರೂ ನಂಬೂದಿಲ್ಲ. ಲೆಕ್ಕ ಹಾಕೇವಿ ಅನ್ನೂವಂಗ ಇರಬೇಕು" ಎಂದೆ. ಶೇಕಡಾ ತೊಂಬತ್ತು ಎಂದು ಬರೆಯಹೊರಟು ಕೈ ತಡೆದೆ. ದುಂಡು ಸಂಖ್ಯೆ ಬೇಡ, ಎಣಿಸಿದಂತೆ ಕಾಣಬೇಕು. "ತರಗತಿಯ ಶೇಕಡಾ ತೊಂಬತ್ನಾಲ್ಕರಷ್ಟು ವಿದ್ಯಾರ್ಥಿಗಳಿಗೆ ಸದರಿಯವರ ಬೋಧನೆ ಅರ್ಥವಾಗುತ್ತಿಲ್ಲ" ಎಂದು ಬರೆದೆ. ಒಬ್ಬರನ್ನೂ ಕೇಳಿರಲಿಲ್ಲ. ಮೇಲೆ ಸರ್ ಹೆಸರನ್ನು ಎಲ್ಲಕ್ಕಿಂತ ದಪ್ಪವಾಗಿ ಬರೆದೆ.

ಶಬಾನಾ ಸಹಿ ಮಾಡಲಿಲ್ಲ. "ನಂಗ ತಿಳದೈತಿ. ನಿನಗೂ ತಿಳದೈತಿ. ನಾ ಯಾಕ ಮಾಡಲಿ?" ಎಂದು ಚೀಲ ಹೆಗಲಿಗೆ ಹಾಕಿಕೊಂಡು ಎದ್ದು ಹೋದಳು. ಒಂದು ತಿಂಗಳು ನಾವಿಬ್ಬರೂ ಮಾತು ಬಿಟ್ಟಿದ್ದೆವು. ಉಳಿದವರು ಒಬ್ಬರ ಕೆಳಗೊಬ್ಬರು ಸಹಿ ಹಾಕಿದರು, ಎಷ್ಟೋ ಜನ ಓದದೆಯೇ.

ಮುಖ್ಯಸ್ಥರು ಪ್ರಕಾಶನನ್ನೂ ನನ್ನನ್ನೂ ತಮ್ಮ ಕೋಣೆಗೆ ಕರೆಸಿದರು. ಸರ್ ಕೂಡ ಬಂದರು. ಅರ್ಜಿಯನ್ನು ಅವರ ಕೈಗೆ ಕೊಟ್ಟು, "ಇದಕ್ಕ ಏನ್ ಹೇಳತೀರಿ?" ಎಂದು ಮುಖ್ಯಸ್ಥರು ಕೇಳಿದರು. ಸರ್ ನಿಂತುಕೊಂಡೇ ಓದಿದರು. ಆಮೇಲೆ ತಲೆಯೆತ್ತಿ ಫ್ಯಾನು ನೋಡಿದರು. ಏನು ಮಾಡುತ್ತಿದ್ದಾರೆಂದು ಆ ಕೋಣೆಯಲ್ಲಿ ನನಗೆ ಮತ್ತು ಪ್ರಕಾಶನಿಗೆ ಮಾತ್ರ ಗೊತ್ತು. ಬಾಯಿಲೆಕ್ಕ ಹಾಕುತ್ತಿದ್ದರು.

"ಕ್ಲಾಸಿನ್ಯಾಗ ನಲವತ್ತೊಂದು ಮಂದಿ ಅದಾರ್ರಿ ಸರ್. ನಲವತ್ತೊಂದರಾಗ ಶೇಕಡಾ ತೊಂಬತ್ನಾಲ್ಕು ಬರೂದಿಲ್ರಿ. ಮೂವತ್ತೆಂಟು ಮಂದಿ ಅಂದ್ರ ತೊಂಬತ್ಮೂರೂ ತುಂಬೂದಿಲ್ಲ. ಮೂವತ್ತೊಂಬತ್ತು ಅಂದ್ರ ತೊಂಬತ್ತೈದು ದಾಟತೈತಿ. ನಡಬರಕ ಮನಷ್ಯಾ ಇಲ್ಲ."

ಕೆಲಸ ಹೋಗುವ ಹೊತ್ತಿನಲ್ಲಿ ಈ ಮನುಷ್ಯ ಕೊಟ್ಟ ಉತ್ತರ ಇದು. ತನ್ನ ಪರವಾಗಿ ಒಂದು ಮಾತಿಲ್ಲ. ಇವರ ಹಾಳೆಗಳು ಸುಳ್ಳಾಗಿದ್ದವು, ಅದಕ್ಕೇ ಸೊನ್ನೆ ಕೊಟ್ಟೆ, ಆ ಸಿಟ್ಟಿಗೆ ಇವರು ಬರೆದಿದ್ದಾರೆ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅದಕ್ಕೇ ಹೆದರಿದ್ದೆ. ಅವರ ಬಾಯಿಂದ ಅದು ಬರಲೇ ಇಲ್ಲ.

ಮುಖ್ಯಸ್ಥರಿಗೆ ಸಿಟ್ಟು ಬಂತು. "ನಾ ಲೆಕ್ಕ ಕೇಳಾಕತ್ತಿಲ್ಲ. ಹುಡುಗರಿಗೆ ತಿಳಿಯೂದಿಲ್ಲಂತ ಬರದಾರ. ಅದು ಖರೇನೋ ಸುಳ್ಳೋ?"

ಸರ್ ಮತ್ತೊಮ್ಮೆ ಹಾಳೆ ನೋಡಿದರು. ಈ ಸಲ ಬಹಳ ಹೊತ್ತು ನೋಡಿದರು. ಆಮೇಲೆ ನನ್ನ ಕಡೆಯಾಗಲೀ ಪ್ರಕಾಶನ ಕಡೆಯಾಗಲೀ ತಿರುಗದೆ, "ಇರಬೇಕ್ರಿ" ಎಂದರು. ಹಾಳೆಯನ್ನು ಮೇಜಿನ ಮೇಲಿಟ್ಟು, ಗಾಳಿಗೆ ಹಾರದಂತೆ ಅದರ ಮೇಲೆ ಪೇಪರ್‌ವೇಟ್ ಇಟ್ಟು ಹೊರಗೆ ಹೋದರು. ಹೊರಗೆ ಬಂದು ಪ್ರಕಾಶ ನನ್ನ ಕೈ ಕುಲುಕಿದ. ನಾನೂ ನಕ್ಕೆ.

ಉಳಿದ ಎರಡು ವಾರವೂ ಅವರು ಬಂದು ಪಾಠ ಮಾಡಿದರು. ಒಂದೇ ಒಂದು ಬದಲಾವಣೆ: ಪ್ರತಿ ಲೆಕ್ಕದ ಕೊನೆಗೆ ನಿಂತು, "ತಿಳೀತೇನು?" ಎಂದು ಕೇಳತೊಡಗಿದರು. ಮೊದಲು ಹಾಗೆ ಕೇಳುತ್ತಿರಲಿಲ್ಲ. ನಾವು ಯಾರೂ ಉತ್ತರ ಕೊಡುತ್ತಿರಲಿಲ್ಲ. ಸ್ವಲ್ಪ ಕಾದು, ಅಳಿಸಿ, ಅದೇ ಲೆಕ್ಕವನ್ನು ಮೊದಲಿನಿಂದ ಮಾಡುತ್ತಿದ್ದರು. ಮುಂದಿನ ವರ್ಷದ ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ಹೊಸಬರು ಹತ್ತು ಲೆಕ್ಕ ಗುರುತು ಹಾಕಿ ಕೊಟ್ಟರು. ನನಗೆ ಫಸ್ಟ್ ಕ್ಲಾಸ್ ಬಂತು.

ಆಮೇಲೆ ಒಂದೇ ಸಲ ಅವರನ್ನು ಕಂಡದ್ದು, ಐದಾರು ವರ್ಷದ ಹಿಂದೆ, ತಿಕೋಟಾ ಬಸ್ ನಿಲ್ದಾಣದಲ್ಲಿ. ಒಣದ್ರಾಕ್ಷಿ ಇಡುವ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಮಾಲು ನೋಡಿ ದರ್ಜೆ ಹಾಕುವ ಕೆಲಸ ಮಾಡುತ್ತಿದ್ದರು. ತೋಳು ಈಗಲೂ ಮಡಚಿರಲಿಲ್ಲ, ಆದರೆ ತುದಿಯಲ್ಲಿ ಸೀಮೆಸುಣ್ಣವಿರಲಿಲ್ಲ. ನನ್ನನ್ನು ಅವರೇ ಗುರುತು ಹಿಡಿದು ಮಾತನಾಡಿಸಿದರು. ಏನು ಮಾಡುತ್ತಿದ್ದೀ ಎಂದರು. ಪಿ.ಯು. ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತಿದ್ದೇನೆ, ಅದರಲ್ಲಿ ಸಂಖ್ಯಾಶಾಸ್ತ್ರವೂ ಇದೆ ಎಂದೆ. ಅವರ ಮುಖ ಅರಳಿತು, ನನಗೆ ಅದನ್ನು ನೋಡಲಾಗಲಿಲ್ಲ.

"ಹುಡುಗೂರಿಗೆ ತಿಳೀತೈತೇನು?" ಎಂದು ಕೇಳಿದರು.

"ತಿಳೀತೈತ್ರಿ ಸರ್."

"ಅವರನ್ನ ಕೇಳತೀಯೇನು? ಕೇಳಬೇಕವ್ವಾ. ನಾ ಕೇಳಲಿಲ್ಲ, ಅದು ನನ್ನ ತಪ್ಪು."

ಅದನ್ನು ನಾನು ಮೇಷ್ಟರ ಬುದ್ಧಿವಾದ ಎಂದುಕೊಂಡೆ. ಸರ್, ಆ ಅರ್ಜಿ, ಎನ್ನುವಷ್ಟರಲ್ಲಿ ಅವರ ಬಸ್ಸು ಬಂತು. ಹೀಗೆ ಬರೆದರೆ ಬಸ್ಸಿನ ತಪ್ಪು ಎನಿಸುತ್ತದೆ. ಬಸ್ಸು ಬರಲು ಹತ್ತು ನಿಮಿಷ ಹಿಡಿಯಿತು. ಆ ಹತ್ತು ನಿಮಿಷ ನಾನು ಬಿಸಿಲಿನ ಬಗ್ಗೆ ಮಾತನಾಡಿದೆ.

ಶಬಾನಾಳ ಫೋನು ಬಂದ ಮೂರನೆಯ ದಿನ ಬಬಲೇಶ್ವರಕ್ಕೆ ಹೋದೆ. ಬಸ್ಸಿನಲ್ಲಿ ಸೀಟಿತ್ತು, ಕೂತೇ ಹೋದೆ. ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅವರ ಹೆಂಡತಿ ಅಂಗನವಾಡಿಯಲ್ಲಿ ಕೆಲಸ ಮಾಡುವವರು, ಆಗಷ್ಟೇ ಮನೆಗೆ ಬಂದಿದ್ದರು. ಸರ್ ಹತ್ತಿರ ಎಂ.ಎ. ಓದಿದವಳು ಎಂದು ಹೇಳಿದೆ, ಹೆಸರು ಹೇಳಲಿಲ್ಲ. ಚಾಪೆ ಹಾಸಿದರು, ನೀರು ಕೊಟ್ಟರು. ಕಟ್ಟು ಹಾಕಿಸಲು ಕೊಟ್ಟ ಫೋಟೋ ಇನ್ನೂ ಗೋಡೆಗೆ ಬಂದಿರಲಿಲ್ಲ. ಸತ್ತ ದಿನದ ಸಂಗತಿಯನ್ನು, ಎಷ್ಟೋ ಮಂದಿಗೆ ಹೇಳಿ ರೂಢಿಯಾದ ದನಿಯಲ್ಲಿ ಹೇಳಿದರು. ಬೆಳಿಗ್ಗೆ ತಿಕೋಟಾಕ್ಕೆ ಹೊರಟವರು, ಅಂಗಿ ಹಾಕಿಕೊಳ್ಳುವಾಗ ಎದೆ ಹಿಡಿದುಕೊಂಡು ಕೂತರಂತೆ.

ಆಮೇಲೆ ಒಮ್ಮೆಲೆ ಕೇಳಿದರು: "ನೀವು ಅದ ಕ್ಲಾಸಿನವರೇನ್ರಿ? ಅರ್ಜಿ ಕೊಟ್ಟ ಕ್ಲಾಸು?"

"ಹೌದ್ರಿ ಅಕ್ಕಾರ."

"ಸಿಟ್ಟಿನಿಂದ ಕೇಳಾಕತ್ತಿಲ್ಲ, ತಪ್ಪು ತಿಳಕೋಬ್ಯಾಡ್ರಿ. ಒಂದ ಮಾತು ಕೇಳಬೇಕಂತ ಹನ್ನೆರಡು ವರ್ಷದಿಂದ ಐತಿ. ಆ ಕ್ಲಾಸಿನವರು ಯಾರೂ ನನಗ ಸಿಗಲೇ ಇಲ್ಲ. ಖರೇನ ನಿಮಗ್ಯಾರಿಗೂ ಅವರ ಪಾಠ ತಿಳೀತಿದ್ದಿಲ್ಲೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅವರು ಮುಂದುವರಿಸಿದರು.

"ಬ್ಯಾರೆ ಕಾಲೇಜಿನಾಗ ಕರದ್ರು, ಹೋಗಲಿಲ್ಲ. ನಾ ಅತ್ತು ಕರದು ಜಗಳಾಡಿದೆ. ಹುಡುಗೂರು ಸಿಟ್ಟಿಗೆ ಏನೋ ಬರದಾರ, ಅದನ್ನ ಎದಿಗೆ ಹಚ್ಚಿಕೊಂಡು ಕೂಡತೀರೇನು ಅಂದೆ. ಅವರು ಅಂದ್ರು, ಆ ಅಂಕಿ ಸುಳ್ಳೈತಿ, ಅದು ನನಗ ಗೊತ್ತೈತಿ. ಆದ್ರ ಅಕ್ಷರ ಯಾರದಂತ ನೋಡೇನಿ. ಇಡೀ ಕ್ಲಾಸಿನ್ಯಾಗ ತಿರುಗಿ ಊರಿಗೆ ಹೋಗಿ, ಮನಿಮನಿ ಅಡ್ಡ್ಯಾಡಿ ಖರೇ ಲೆಕ್ಕ ತಂದಾಕಿ ಅಕಿ ಒಬ್ಬಾಕಿ. ಉಳದವರು 'ತಿಳಿಯೂದಿಲ್ಲ' ಅಂದಿದ್ರ ನಾ ನಂಬತಿದ್ದಿಲ್ಲ. ಅಕಿಗೇ ತಿಳಿದಿಲ್ಲ ಅಂದ ಮ್ಯಾಲ ಇನ್ಯಾರಿಗೆ ತಿಳಿದೀತು, ನನಗ ಕಲಸಾಕ ಬರೂದಿಲ್ಲ ಅಂದ್ರು. ಅವತ್ತಿನಿಂದ ಸೀಮೆಸುಣ್ಣ ಮುಟ್ಟಲಿಲ್ರಿ. ಮನ್ಯಾಗ ನಮ್ಮ ಮಗಳು ಲೆಕ್ಕ ಕೇಳಿದ್ರೂ, ನಿಮ್ಮ ಟೀಚರ್‌ನ ಕೇಳು ಅಂತಿದ್ರು."

ಲೋಟ ನನ್ನ ಕೈಯಲ್ಲಿತ್ತು. ಅದನ್ನು ಕೆಳಗಿಟ್ಟೆ.

"ನನಗ ತಿಳೀತಿತ್ತ್ರಿ ಅಕ್ಕಾರ" ಎಂದೆ. "ಎಲ್ಲಾ ತಿಳೀತಿತ್ತು. ಒಂದೂ ಪಾಠ ತಿಳಿಯದ್ದು ಇರಲಿಲ್ಲ. ಆ ಅರ್ಜಿ ಬರದಾಕಿ ನಾನ ರೀ. ಅಂಕಕ್ಕ ಸಿಟ್ಟಾಗಿ ಬರದೆ. ಯಾರನ್ನೂ ಕೇಳಿರಲಿಲ್ಲ."

ಅವರು ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಕಾಲು ಹಿಡಿಯಬಹುದಿತ್ತು. ಅಷ್ಟು ಹೊತ್ತೂ ಬಹುವಚನದಲ್ಲಿ ಮಾತನಾಡಿಸಿದ್ದವರು, ಮನೆಯ ಮಗಳನ್ನು ಕೇಳುವಂತೆ ಕೇಳಿದರು:

"ಇಷ್ಟ ಹೇಳಾಕ ನಿನಗ ಹನ್ನೆರಡು ವರ್ಷ ಬೇಕಾತೇನ ಯವ್ವಾ?"